ಓಡುವಾಗ ತಂಪು, ಸಿಗ್ನಲ್‌ನಲ್ಲಿ ಬಿಸಿಗಾಳಿ: ಹಳೇ ಕಾರಿಗೆ ಮತ್ತೆ ಗ್ಯಾಸ್ ತುಂಬಿಸಬೇಕಾ?

ಬಿಳಿ ಹ್ಯಾಚ್‌ಬ್ಯಾಕ್ (ಪ್ರಶ್ನೆ)

2009ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಔಟರ್ ರಿಂಗ್ ರೋಡಲ್ಲಿ 50ರ ಮೇಲೆ ಹೋಗ್ತಿದ್ರೆ ಎಸಿ ಪರವಾಗಿಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೆ ಬಿಸಿಗಾಳಿ. ಹೋದ ತಿಂಗಳು ಗ್ಯಾಸ್ ಹಾಕಿಸಿದೆ, ಆದರೆ ತೂಕ ಮಾಡಿ ಹಾಕಿದ್ದಲ್ಲ. ಬಾನೆಟ್ ಸ್ಟಿಕರ್‌ನಲ್ಲಿ ಆರ್134ಎ ಗ್ಯಾಸ್, 400 ಗ್ರಾಂ ಅಂತಿದೆ.

ಮಧ್ಯಾಹ್ನ 34 ಡಿಗ್ರಿ ಬಿಸಿಲಲ್ಲಿ ಐಡಲ್‌ನಲ್ಲಿ ಗೇಜ್ ಹಾಕಿಸಿದಾಗ ಲೋ ಸೈಡ್ (ಗ್ಯಾಸ್ ಒತ್ತುವ ಕಂಪ್ರೆಸರ್‌ಗೆ ಬರೋ ಕಡೆಯ ಒತ್ತಡ) 55 ಪಿಎಸ್‌ಐ, ಹೈ ಸೈಡ್ (ಅಲ್ಲಿಂದ ಹೊರಡೋ ಕಡೆಯದು) 310. ಮಧ್ಯದ ವೆಂಟ್‌ನಲ್ಲಿ 19 ಡಿಗ್ರಿ. ಇನ್ನೊಂದು ವಿಷಯ: ಅರ್ಧ ಗಂಟೆ ಆದ್ಮೇಲೆ ಒಮ್ಮೊಮ್ಮೆ ತಂಪು ಪೂರ್ತಿ ನಿಲ್ಲುತ್ತೆ, ಗಾಳಿಯ ರಭಸ ಮಾತ್ರ ಹಾಗೇ ಇರುತ್ತೆ. ಹತ್ತು ನಿಮಿಷ ಆಫ್ ಮಾಡಿದ್ರೆ ಮತ್ತೆ ಸರಿ. ಗ್ಯಾಸ್ ಕಮ್ಮಿಯಾಗಿದೆಯಾ? ಕಂಪ್ರೆಸರ್ ಹೋಯ್ತಾ?

ಗೇಜ್ ಮತ್ತು ಪಾನಾ

ಎರಡೂ ಅಲ್ಲ ಅನ್ಸುತ್ತೆ. ಗ್ಯಾಸ್ ಕಮ್ಮಿ ಇದ್ರೆ ಎರಡೂ ಮುಳ್ಳು ಕೆಳಗೆ ಇರಬೇಕು. ಕಂಪ್ರೆಸರ್ ಸವೆದಿದ್ರೆ ಲೋ ಮೇಲೆ, ಹೈ ಕೆಳಗೆ. ನಿಮ್ಮದರಲ್ಲಿ ಎರಡೂ ಮೇಲಿವೆ. ಅಂದ್ರೆ ಕಂಡೆನ್ಸರ್‌ನಿಂದ (ಗ್ರಿಲ್ ಹಿಂದೆ ಗ್ಯಾಸ್ ತಣಿಸೋ ಜಾಲರಿ) ಶಾಖ ಹೊರಗೆ ಹೋಗ್ತಿಲ್ಲ, ಇಲ್ಲಾ ಗ್ಯಾಸ್ ಜಾಸ್ತಿ ಆಗಿದೆ, ಇಲ್ಲಾ ಒಳಗೆ ಗಾಳಿ ಸೇರಿದೆ.

ಮುಳ್ಳನ್ನ ಡಿಗ್ರಿಗೆ ತಿರುಗಿಸಿ ಓದಿ. ಆರ್134ಎ ಗ್ಯಾಸಿಗೆ ಹೈ ಸೈಡ್ 310 ಅಂದ್ರೆ ಕಂಡೆನ್ಸರ್ ಒಳಗೆ 70 ಡಿಗ್ರಿಗೂ ಮೇಲೆ. ಲೋ ಸೈಡ್ 55 ಅಂದ್ರೆ ಕೂಲಿಂಗ್ ಕಾಯಿಲ್ (ಕ್ಯಾಬಿನ್ ಗಾಳಿ ತಣ್ಣಗೆ ಮಾಡೋದು) ಸುಮಾರು 14 ಡಿಗ್ರಿ. ವೆಂಟ್‌ನಲ್ಲಿ ಅದಕ್ಕಿಂತ ತಣ್ಣಗೆ ಹೇಗೆ ಬರುತ್ತೆ? ಲೋ ಸೈಡ್ 30ರ ಹತ್ತಿರ ಬಂದ್ರೆ ಕಾಯಿಲ್ ಸೊನ್ನೆ ಡಿಗ್ರಿಯ ಆಸುಪಾಸಿಗೆ ಬರುತ್ತೆ.

ದುಡ್ಡು ಖರ್ಚು ಮಾಡೋ ಮುಂಚೆ ಎರಡು ಪರೀಕ್ಷೆ ಮಾಡಿ. ಐಡಲ್‌ನಲ್ಲಿ ಎಸಿ ಫುಲ್ ಇಟ್ಟು, ಮುಂದಿನ ಗ್ರಿಲ್ ಕಡೆಯಿಂದ ಕಂಡೆನ್ಸರ್ ಮೇಲೆ ನಿಧಾನವಾಗಿ ನಾಲ್ಕೈದು ಮಗ್ ನೀರು ಹಾಕಿ. ಒಂದೆರಡು ನಿಮಿಷದಲ್ಲಿ ವೆಂಟ್ ತಣ್ಣಗಾದ್ರೆ ತೊಂದರೆ ಕಂಡೆನ್ಸರ್‌ಗೆ ಗಾಳಿ ಸಾಲದಿರೋದು. ಆಮೇಲೆ ಕಂಡೆನ್ಸರ್ ಒಣಗಿದ ಮೇಲೆ ಅದರ ಮುಂದೆ ಒಂದು ಹಾಳೆ ನ್ಯೂಸ್‌ಪೇಪರ್ ಹಿಡಿದು ಬಿಡಿ. ಫ್ಯಾನ್ ಸರಿಯಾಗಿ ಎಳೀತಿದ್ರೆ ಪೇಪರ್ ಜಾಲರಿಗೆ ಅಂಟಿಕೊಂಡು ನಿಲ್ಲುತ್ತೆ. ಜಾರಿ ಬಿದ್ರೆ ಫ್ಯಾನ್ ಸೋತಿದೆ, ಇಲ್ಲಾ ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ನಡುವೆ ಧೂಳು ಗಟ್ಟಿಯಾಗಿದೆ. ಮೆಟ್ರೋ ಕಾಮಗಾರಿ ಪಕ್ಕದಲ್ಲೇ ದಿನಾ ಓಡಾಡೋ ಗಾಡಿಗಳಲ್ಲಿ ಆ ಸಂದಿ ಸಿಮೆಂಟ್ ಮೆತ್ತಿದ ಹಾಗೆ ಇರುತ್ತೆ. ತೊಳೆಯುವಾಗ ಇಂಜಿನ್ ಕಡೆಯಿಂದ ಮುಂದಕ್ಕೆ, ಸಾದಾ ಪೈಪ್ ನೀರು ಮಾತ್ರ. ವಾಟರ್ ವಾಶ್ ಜೆಟ್ ಹತ್ತಿರ ಹಿಡಿದ್ರೆ ಫಿನ್‌ಗಳು ಮಲಗಿಬಿಡುತ್ತವೆ, ಗಾಳಿ ಇನ್ನೂ ಕಮ್ಮಿಯಾಗುತ್ತೆ.

ತೂಕದ ತಕ್ಕಡಿ

ಮೇಲಿನದು ಸರಿ, ಆದರೆ ಗ್ಯಾಸ್ ವಿಷಯ ಬಿಡಬೇಡಿ. 400 ಗ್ರಾಂ ಹಿಡಿಯುವ ಸಿಸ್ಟಮ್‌ಗೆ 100 ಗ್ರಾಂ ಹೆಚ್ಚಾದರೂ ಕಂಡೆನ್ಸರ್‌ನ ಕೆಳಭಾಗದಲ್ಲಿ ದ್ರವ ತುಂಬಿಕೊಂಡು, ಗ್ಯಾಸ್ ತಣಿಯಲು ಜಾಗವೇ ಉಳಿಯುವುದಿಲ್ಲ. ಪೂರ್ತಿ ರಿಕವರಿ (ಒಳಗಿನ ಗ್ಯಾಸ್ ಹೊರತೆಗೆಯುವುದು) ಮಾಡಿಸಿ, ಎಷ್ಟು ಗ್ರಾಂ ಬಂತೆಂದು ಕೇಳಿ, ವ್ಯಾಕ್ಯೂಮ್ (ಪಂಪ್‌ನಿಂದ ಒಳಗಿನ ಗಾಳಿ ಎಳೆಯುವುದು) ಮಾಡಿಸಿ, ತಕ್ಕಡಿ ಮೇಲೆ ಸಿಲಿಂಡರ್ ಇಟ್ಟು 400 ಗ್ರಾಂ ಹಾಕಿಸಿ. ಪಾರ್ಟ್ ಬದಲಿಸಲು ಪೈಪ್ ಬಿಚ್ಚಿದರೆ ಡ್ರೈಯರ್ (ತೇವ ಹೀರುವ ಭಾಗ) ಮತ್ತು ಓ-ರಿಂಗ್ (ರಬ್ಬರ್ ಸೀಲ್) ಹೊಸದು ಹಾಕಲೇಬೇಕು.

ವ್ಯಾಕ್ಯೂಮ್ ಬಗ್ಗೆ ನಮ್ಮೂರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಗೇಜ್‌ನಲ್ಲಿ 29 ಇಂಚು (ಪಾದರಸದ ಲೆಕ್ಕದಲ್ಲಿ ವ್ಯಾಕ್ಯೂಮ್) ಬರದಿದ್ದರೆ ಲೀಕ್ ಇದೆ ಎಂದು ಹೇಳಿ ಕೂಲಿಂಗ್ ಕಾಯಿಲ್ ಬಿಚ್ಚಿಸುತ್ತಾರೆ. 29 ಎನ್ನುವುದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಎಷ್ಟೇ ಒಳ್ಳೆಯ ಪಂಪ್ ಇದ್ದರೂ 27 ಇಂಚಿನ ಹತ್ತಿರ ನಿಲ್ಲುತ್ತದೆ. ನೋಡಬೇಕಾದ್ದು ಅದು ನಿಲ್ಲುತ್ತದೆಯೇ ಎಂಬುದನ್ನು: 30ರಿಂದ 45 ನಿಮಿಷ ಪಂಪ್ ಓಡಿಸಿ, ವಾಲ್ವ್ ಮುಚ್ಚಿ, 20 ನಿಮಿಷ ಕಾಯಿರಿ. ಮುಳ್ಳು ಕದಲಬಾರದು.

ಕಡಿಮೆ ಬೆಲೆಗೆಂದು ಎಲ್‌ಪಿಜಿ ಮಿಶ್ರಣದ ಗ್ಯಾಸ್ ಹಾಕಿಸಬೇಡಿ. ತಂಪು ಕೊಡುತ್ತದೆ ನಿಜ, ಆದರೆ ಕಾಯಿಲ್ ಸೋರಿದರೆ ಬೆಂಕಿ ಹತ್ತುವ ಗ್ಯಾಸ್ ಕ್ಯಾಬಿನ್ ಒಳಗೇ ತುಂಬುತ್ತದೆ.

ಬಿಳಿ ಹ್ಯಾಚ್‌ಬ್ಯಾಕ್

ನೀರು ಹಾಕಿದೆ. ಹೈ ಸೈಡ್ 235ಕ್ಕೆ, ಲೋ ಸೈಡ್ 42ಕ್ಕೆ ಇಳಿಯಿತು, ವೆಂಟ್ 13 ಡಿಗ್ರಿ. ಆದರೆ ಪೇಪರ್ ಅಂಟಲೂ ಇಲ್ಲ, ಜಾರಲೂ ಇಲ್ಲ, ಮುಂದಕ್ಕೆ ಹಾರಿತು! ಕಂಡೆನ್ಸರ್ ಫ್ಯಾನ್ ರೇಡಿಯೇಟರ್ ಹಿಂದೆ ಇದೆ, ಹೋದ ವರ್ಷ ಅದರ ಮೋಟಾರ್ ಬದಲಿಸಿದ್ದು.

ಗೇಜ್ ಮತ್ತು ಪಾನಾ

ಸಿಕ್ಕಿತು ಬಿಡಿ, ಫ್ಯಾನ್ ಉಲ್ಟಾ ತಿರುಗ್ತಿದೆ. ಮೋಟಾರ್ ಕನೆಕ್ಟರ್ ಕತ್ತರಿಸಿ ಜೋಡಿಸುವಾಗ ಎರಡು ವೈರ್ ಅದಲುಬದಲಾಗಿವೆ. ಇಂಜಿನ್ನಿನ ಬಿಸಿಗಾಳಿಯನ್ನ ಕಂಡೆನ್ಸರ್ ಕಡೆಗೇ ಊದುತ್ತಿದೆ. ವೇಗವಾಗಿ ಹೋಗುವಾಗ ಎದುರುಗಾಳಿ ಅದನ್ನ ಮೀರಿಸೋದ್ರಿಂದ ತಂಪು ಬರ್ತಿತ್ತು. ಬ್ಯಾಟರಿ ನೆಗೆಟಿವ್ ತೆಗೆದು ವೈರ್ ಬದಲಿಸಿ, ಬೆಸುಗೆ ಹಾಕಿ ಸ್ಲೀವ್ ಹಾಕಿಸಿ. ಆಮೇಲೆ ಎಸಿ ಆನ್ ಇದ್ದಾಗ ಫ್ಯಾನ್ ಕನೆಕ್ಟರ್‌ನಲ್ಲಿ 13 ವೋಲ್ಟ್ ಆಸುಪಾಸು ಬರಬೇಕು. 10-11 ಬಂದ್ರೆ ರಿಲೇ ಮತ್ತು ಅರ್ತ್ ಪಾಯಿಂಟ್ ಉಜ್ಜಿ ಶುಚಿ ಮಾಡಿ. ಅದಾದ ಮೇಲೆ ಗ್ಯಾಸ್ ತೂಕ.

ಕ್ಲಚ್ ಪ್ಲೇಟ್

ಅರ್ಧ ಗಂಟೆಗೆ ನಿಲ್ಲೋ ತೊಂದರೆ ಬೇರೆಯದು. ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದ್ರೆ ಗಾಳಿಯ ರಭಸವೂ ಕಮ್ಮಿಯಾಗುತ್ತೆ, ನಿಮಗೆ ಆಗ್ತಿಲ್ಲ. ತಂಪು ನಿಂತ ತಕ್ಷಣ ಬಾನೆಟ್ ಎತ್ತಿ ಕಂಪ್ರೆಸರ್ ಮುಂಭಾಗ ನೋಡಿ (ಬೆಲ್ಟ್ ಹತ್ತಿರ ಕೈ ಬೇಡ). ಪುಲ್ಲಿ ತಿರುಗ್ತಾ ಇದ್ದು ಅದರ ಮುಂದಿನ ಪ್ಲೇಟ್ ನಿಂತಿದ್ರೆ, ಕ್ಲಚ್‌ಗೆ (ಪ್ಲೇಟನ್ನ ಪುಲ್ಲಿಗೆ ಅಂಟಿಸೋ ವಿದ್ಯುತ್ ಅಯಸ್ಕಾಂತ) ಕರೆಂಟ್ ಬರ್ತಿದೆಯಾ ಅಂತ ಮೀಟರ್ ಹಿಡಿದು ನೋಡಿ. ಬಾರದಿದ್ರೆ ಒತ್ತಡ ಜಾಸ್ತಿಯಾಗಿ ಪ್ರೆಶರ್ ಸ್ವಿಚ್ ಕಟ್ ಮಾಡ್ತಿರಬಹುದು, ಫ್ಯಾನ್ ಸರಿಯಾದ್ರೆ ಅದೂ ಸರಿಹೋಗುತ್ತೆ. 12 ವೋಲ್ಟ್ ಇದ್ದೂ ಪ್ಲೇಟ್ ಅಂಟದಿದ್ರೆ ಪ್ಲೇಟ್‌ಗೂ ಪುಲ್ಲಿಗೂ ನಡುವಿನ ಗ್ಯಾಪ್ ಜಾಸ್ತಿಯಾಗಿದೆ: ಕ್ಲಚ್ ಕಾಯಿಲ್ ಬಿಸಿಯಾದಾಗ ಅದರ ಎಳೆತ ಕಮ್ಮಿಯಾಗುತ್ತೆ, ಸವೆದ ಪ್ಲೇಟನ್ನ ಎಳೆಯೋಕಾಗಲ್ಲ. ಫೀಲರ್ ಗೇಜ್‌ನಲ್ಲಿ (ಸಂದಿ ಅಳೆಯೋ ತೆಳು ಪಟ್ಟಿ) ಸಾಮಾನ್ಯವಾಗಿ 0.3ರಿಂದ 0.6 ಮಿ.ಮೀ. ಇರಬೇಕು. ಜಾಸ್ತಿ ಇದ್ರೆ ಪ್ಲೇಟ್ ಬಿಚ್ಚಿ ಒಳಗಿನ ತೆಳು ಶಿಮ್ (ಲೋಹದ ಬಿಲ್ಲೆ) ಒಂದನ್ನ ತೆಗೆದು ಮತ್ತೆ ಅಳೆಯಿರಿ. ಈ ಕೆಲಸಕ್ಕೆ ಗ್ಯಾಸ್ ಮುಟ್ಟಬೇಕಾಗಿಲ್ಲ, ಕಂಪ್ರೆಸರ್ ಕೂಡ ಕೆಳಗಿಳಿಸಬೇಕಿಲ್ಲ.