ಕಲ್ಲು ಒಡೆಯುವ ಉಪ್ಪಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಬಂಡೆಗಳ ಬಗ್ಗೆ ಬರೆಯುತ್ತಿದ್ದೇನೆ. ಉಪ್ಪು ಕಲ್ಲನ್ನು ಹಾಳುಮಾಡುವ ಭಾಗಕ್ಕೆ ಬಂದು, ಪದ ಸಿಗದೆ ನಿಂತಿದ್ದೇನೆ. ಬಂಡೆ ಪುಡಿಯಾಗುವುದನ್ನು ಪಠ್ಯಪುಸ್ತಕ ‘ಶಿಥಿಲೀಕರಣ’ ಅನ್ನುತ್ತದೆ. ಅದಕ್ಕೆ ‘ಲವಣ’ ಜೋಡಿಸಿದರೆ ಉಪ್ಪೇ ಶಿಥಿಲವಾದ ಹಾಗೆ ಕೇಳುತ್ತದೆ, ಅಲ್ವಾ? ‘ಸವೆತ’ ಬೇಡ. ನೀರು, ಗಾಳಿ ಮಣ್ಣನ್ನು ಹೊತ್ತೊಯ್ಯುವುದಕ್ಕೆ ಅದು ಆಗಲೇ ಬಳಕೆಯಲ್ಲಿದೆ.

ಇಡೀ ಕ್ರಿಯೆಗೆ ಒಂದು ಹೆಸರು ಕೊಟ್ಟರೂ ಸಾಲದು. ಉಪ್ಪು ಎಲ್ಲಿ ಹರಳುಗಟ್ಟುತ್ತದೆ ಅನ್ನೋದು ಹವೆಯ ಮೇಲಿದೆ. ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಪ್ಪುನೀರು ಇದೆ ಅಂದುಕೊಳ್ಳಿ. ಗಾಳಿಯಲ್ಲಿ ತೇವ ಜಾಸ್ತಿಯಿದ್ದು ನಿಧಾನವಾಗಿ ಆರಿದರೆ, ನೀರು ಮೇಲ್ಮೈತನಕ ಬಂದು ಆವಿಯಾಗುತ್ತದೆ. ಉಪ್ಪು ಹೊರಗೆ ಬೆಳ್ಳಗೆ ಕೂರುತ್ತದೆ. ಪೊರಕೆ ಆಡಿಸಿದರೆ ಹೋಗುತ್ತದೆ, ಕಲ್ಲಿಗೆ ಅಷ್ಟೇನೂ ತೊಂದರೆಯಿಲ್ಲ. ಒಣಗಾಳಿ ಬೀಸಿ ಬೇಗ ಆರಿದರೆ, ನೀರು ಮೇಲೆ ಬರುವ ಮೊದಲೇ ಒಳಗೇ ಆವಿಯಾಗುತ್ತದೆ. ಹರಳು ಮೇಲ್ಪದರದ ಕೆಳಗೆ ಬೆಳೆದು, ಒತ್ತಿ ಒತ್ತಿ ಚಕ್ಕೆ ಎಬ್ಬಿಸುತ್ತದೆ. ಬೆಂಗಳೂರಿನ ನಮ್ಮ ಬೀದಿಯ ಹಳೇ ಇಟ್ಟಿಗೆ ಕಾಂಪೌಂಡಿನಲ್ಲಿ ಎರಡೂ ಕಾಣುತ್ತವೆ. ಗಿಡಗಳ ನೆರಳಲ್ಲಿ ಬರೀ ಬಿಳಿ ಪುಡಿ. ಬಿಸಿಲು, ಗಾಳಿ ಬಡಿಯುವ ಕಡೆ ಇಟ್ಟಿಗೆಯ ಮುಖವೇ ಕಳಚಿದೆ. ಚಕ್ಕೆ ಎತ್ತಿದರೆ ಅದರ ಹಿಂದೆ ಉಪ್ಪು.

ಸುಮ್ನೆ ಬಿಸಿಲಿನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಅಡುಗೆ ಉಪ್ಪು, ಸಾಪೇಕ್ಷ ತೇವಾಂಶ (ಗಾಳಿ ಹಿಡಿಯಬಲ್ಲಷ್ಟು ತೇವದಲ್ಲಿ ಈಗ ಇರುವ ಪಾಲು) ಸುಮಾರು 75% ದಾಟಿದರೆ ಗಾಳಿಯ ತೇವ ಹೀರಿ ಕರಗುತ್ತದೆ, ತೇವ ಇಳಿದರೆ ಮತ್ತೆ ಹರಳಾಗುತ್ತದೆ. ಹಾಗಾಗಿ ಸದಾ ಒದ್ದೆಯಾಗಿರುವ ಕಲ್ಲಿಗಿಂತ, ರಾತ್ರಿ ಇಬ್ಬನಿ ಬಿದ್ದು ಹಗಲು ಒಣಗುವ ಕಲ್ಲಿಗೆ ಪೆಟ್ಟು ಜಾಸ್ತಿ. ಮಳೆ ಅಪರೂಪವಾದ ಅಟಕಾಮ ಮರುಭೂಮಿಯಲ್ಲಿ ಕಡಲ ಮಂಜಿನ ತೇವವೇ ಈ ಕೆಲಸಕ್ಕೆ ಸಾಕು. ಸೋಡಿಯಂ ಸಲ್ಫೇಟ್ ಅನ್ನೋ ಇನ್ನೊಂದು ಲವಣ ಇನ್ನೂ ಕೆಟ್ಟದ್ದು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತೇವ ಸಿಕ್ಕರೆ ನೀರನ್ನು ಹಿಡಿದುಕೊಂಡು ಮೊದಲಿನ ಸುಮಾರು ನಾಲ್ಕು ಪಟ್ಟು ಗಾತ್ರಕ್ಕೆ ಊದುತ್ತದೆ.

ಹೊರಗೆ ಕೂತದ್ದಕ್ಕೆ ನಮ್ಮ ಕಡೆ ಗಾರೆ ಕೆಲಸದವರು ‘ಗೋಡೆ ಉಪ್ಪು ಬಿಟ್ಟಿದೆ’ ಅಂತಾರೆ. ಅದೇ ದಾರಿಯಲ್ಲಿ ‘ಹೊರಗುಪ್ಪು’, ‘ಒಳಗುಪ್ಪು’ ಅಂತ ಬರೆದಿದ್ದೇನೆ. ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ ಅನ್ನೋ ನಂಬಿಕೆ ನನಗಿದೆ. ಇಡೀ ಕ್ರಿಯೆಗೆ ‘ಉಪ್ಪೊಡೆತ’ ನನಗಿಷ್ಟ. ಆದರೆ ಮರಳುಗಲ್ಲು ಎಷ್ಟೋ ಸಲ ಒಡೆಯುವುದಿಲ್ಲ, ಹಿಟ್ಟಿನ ಹಾಗೆ ಉದುರುತ್ತದೆ. ಅದನ್ನೂ ‘ಒಡೆತ’ ಅನ್ನಬಹುದಾ?

ಕರಾವಳಿಯಲ್ಲಿ ಮುರಕಲ್ಲಿನ ಗೋಡೆ ಉಪ್ಪುಗಾಳಿಗೆ ಉದುರಿದರೆ, ಬಯಲುಸೀಮೆಯ ಸವಳು ನೆಲದಲ್ಲಿ ಗೋಡೆಯ ಬುಡ ಕೆಟ್ಟರೆ, ಮನೆಯಲ್ಲಿ ಏನಂತೀರಿ? ಆ ಮಾತನ್ನು ತಿದ್ದದೆ ಹಾಗೇ ಬರೆದು ಕಳಿಸಿ. ಜೊತೆಗೆ ಊರಿನ ಹೆಸರೂ ಇರಲಿ.