ಬಾಯಿ ಹುಣ್ಣಿಗೆ ಪ್ರೊಪೋಲಿಸ್ ಹಚ್ಚಬಹುದೇ? ದಂತವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಗೃಹಿಣಿ, ಜಮಖಂಡಿ):
ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನ್ನ ಹದಿನೇಳು ವರ್ಷದ ಮಗಳಿಗೆ ಒಂದು ವರ್ಷದಿಂದ ತಿಂಗಳಿಗೊಮ್ಮೆಯಾದರೂ ತುಟಿಯ ಒಳಬದಿಯಲ್ಲಿ, ನಾಲಿಗೆಯ ಅಂಚಿನಲ್ಲಿ ಹುಣ್ಣುಗಳು ಏಳುತ್ತಿವೆ. ಎದ್ದಾಗ ಖಡಕ್ ರೊಟ್ಟಿಯನ್ನು ಮುಟ್ಟುವುದಿಲ್ಲ, ಹಾಲು ಅನ್ನದಲ್ಲಿಯೇ ದಿನ ಕಳೆಯುತ್ತಾಳೆ. ಪುಣೆಯಲ್ಲಿರುವ ನನ್ನ ತಂಗಿ ಪ್ರೊಪೋಲಿಸ್ ಎಂಬ ಜೇನಿನ ಅಂಟಿನಿಂದ ಮಾಡಿದ ಹನಿ ಔಷಧವನ್ನು ಕಳುಹಿಸಿದ್ದಾಳೆ. ಅದನ್ನು ಹಚ್ಚಿದ ಕೂಡಲೇ ಮಗಳು ಉರಿ ತಾಳಲಾರದೆ ಅತ್ತುಬಿಟ್ಟಳು. ಇದು ನಿಜವಾಗಿಯೂ ಮದ್ದೇ? ಮುಂದುವರಿಸಬಹುದೇ?

ಉತ್ತರ (ದಂತವೈದ್ಯೆ, ಬಾಗಲಕೋಟೆ):
ನಮಸ್ಕಾರ ಅಕ್ಕನವರೇ. ಪ್ರೊಪೋಲಿಸ್ ಎಂದರೆ ಜೇನುತುಪ್ಪವೂ ಅಲ್ಲ, ಬರಿಯ ಮೇಣವೂ ಅಲ್ಲ. ಮರಗಳ ಮೊಗ್ಗು ಮತ್ತು ತೊಗಟೆಯಿಂದ ಒಸರುವ ಅಂಟನ್ನು ಜೇನುಹುಳುಗಳು ಸಂಗ್ರಹಿಸಿ, ತಮ್ಮ ಮೇಣದೊಡನೆ ಬೆರೆಸಿ, ಗೂಡಿನ ಬಿರುಕುಗಳನ್ನು ಮುಚ್ಚಲು ಬಳಸುವ ಕಂದು ಬಣ್ಣದ ವಸ್ತುವಿದು. ಅದರಲ್ಲಿರುವ ಫ್ಲೇವನಾಯ್ಡ್ ಮುಂತಾದ ಸಸ್ಯಜನ್ಯ ಅಂಶಗಳು ಸೂಕ್ಷ್ಮಾಣುಗಳನ್ನು ತಡೆಯುತ್ತವೆ, ಉರಿಯೂತವನ್ನು ಸ್ವಲ್ಪ ತಗ್ಗಿಸುತ್ತವೆ. ಆದ್ದರಿಂದ ಇದನ್ನು ಕೇವಲ ನಂಬಿಕೆಯ ಮಾತೆಂದು ನಾನು ತಳ್ಳಿಹಾಕುವುದಿಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದೇ ಪದೇ ಬಾಯಿ ಹುಣ್ಣಾಗುವವರಿಗೆ ದಿನಕ್ಕೆ 500 ಮಿಲಿಗ್ರಾಂ ಪ್ರೊಪೋಲಿಸ್ ಕೊಟ್ಟಾಗ ಹುಣ್ಣು ಮರುಕಳಿಸುವುದು ಕಡಿಮೆಯಾಯಿತು. ಆದರೆ ಅದರಲ್ಲಿ ಇದ್ದವರು 19 ಮಂದಿ ಮಾತ್ರ. ಅಷ್ಟು ಕಡಿಮೆ ಜನರನ್ನು ನೋಡಿ ಎಲ್ಲರಿಗೂ ಇದೇ ಮದ್ದೆಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಮ್ಮ ಮಗಳಿಗೆ ಆದ ಉರಿಗೆ ಬಹುಶಃ ಮದ್ಯಸಾರ ಕಾರಣ. ಪ್ರೊಪೋಲಿಸ್ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ಹೆಚ್ಚಿನ ಹನಿಗಳನ್ನು ಮದ್ಯಸಾರದಲ್ಲಿ ತಯಾರಿಸುತ್ತಾರೆ, ತೆರೆದ ಹುಣ್ಣಿಗೆ ಅದು ತಾಗಿದರೆ ಸುಡದೆ ಇರದು. ಬಾಟಲಿಯ ಮೇಲಿನ ಚೀಟಿಯನ್ನು ಓದಿ ನೋಡಿ. ಅದರಲ್ಲಿ ಮದ್ಯಸಾರವಿದ್ದರೆ ಮತ್ತೆ ಹಚ್ಚಬೇಡಿ. ಬಾಯಿಗೆಂದೇ ತಯಾರಾದ, ಮದ್ಯಸಾರವಿಲ್ಲದ ಜೆಲ್ ದೊರೆತರೆ ಅದನ್ನೂ ಮೊದಲು ಮುಂಗೈಯ ಒಳಭಾಗಕ್ಕೆ ಒಂದಿಷ್ಟು ಹಚ್ಚಿ ಎರಡು ದಿನ ಕಾಯಿರಿ. ತುರಿಕೆ ಅಥವಾ ಕೆಂಪು ಕಾಣಿಸಿದರೆ ಬಾಯಿಗೆ ಹಚ್ಚಲೇಬಾರದು, ಏಕೆಂದರೆ ಪ್ರೊಪೋಲಿಸ್ ಕೆಲವರಲ್ಲಿ ಅಲರ್ಜಿ ಉಂಟುಮಾಡುತ್ತದೆ ಮತ್ತು ಆ ಅಲರ್ಜಿಯೇ ತುಟಿ ಊದಿಸಿ, ಬಾಯೊಳಗೆ ಹೊಸ ಹುಣ್ಣುಗಳನ್ನು ಎಬ್ಬಿಸಬಲ್ಲದು. ಅಸ್ತಮಾ ಇರುವವರು, ಜೇನಿನ ಪದಾರ್ಥ ಆಗದವರು ಮತ್ತು ರಕ್ತ ತೆಳುವಾಗುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ತಮ್ಮ ವೈದ್ಯರನ್ನು ಕೇಳದೆ ಇದರ ಗೊಡವೆಗೆ ಹೋಗಬಾರದು.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬಾಟಲಿಯಲ್ಲ, ತಿಂಗಳಿಗೊಮ್ಮೆ ಎಂಬ ನಿಮ್ಮ ಮಾತು. ಸಾಮಾನ್ಯವಾದ ಸಣ್ಣ ಹುಣ್ಣು, ಅಂದರೆ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ನಡುವೆ ಬಿಳಿ ಹಳದಿ ಮತ್ತು ಸುತ್ತ ಕೆಂಪು ಅಂಚಿರುವ ಹುಣ್ಣು, ಏನನ್ನೂ ಹಚ್ಚದಿದ್ದರೂ ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಹುಣ್ಣು ಮತ್ತೆ ಮತ್ತೆ ಬರುವವರಲ್ಲಿ ಕಬ್ಬಿಣಾಂಶ, ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ ಇರುವುದುಂಟು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹುಡುಗಿಯರಲ್ಲಿ ಕಬ್ಬಿಣಾಂಶವನ್ನು ಮೊದಲು ನೋಡಬೇಕು. ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಪರೀಕ್ಷೆ) ಮತ್ತು ಬಿ12 ಪರೀಕ್ಷೆಗಳನ್ನು ಮಾಡಿಸಿ. ಟೂತ್‌ಪೇಸ್ಟಿನಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ನೊರೆ ಬರಿಸುವ ಪದಾರ್ಥವಿದ್ದರೆ ಅದಿಲ್ಲದ ಪೇಸ್ಟಿಗೆ ಬದಲಾಯಿಸಿ. ಕೆಲವರಿಗೆ ಇಷ್ಟರಿಂದಲೇ ಹುಣ್ಣು ಕಡಿಮೆಯಾಗುತ್ತದೆ. ಹಲ್ಲಿನ ಚೂಪಾದ ಅಂಚು ಅಥವಾ ಖಡಕ್ ರೊಟ್ಟಿಯ ತುದಿ ತಾಗಿ ಗಾಯವಾಗುವುದೂ ಒಂದು ಕಾರಣವೇ. ಸದ್ಯಕ್ಕೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ಸಲ ಬಾಯಿ ಮುಕ್ಕಳಿಸಲಿ.

ಪ್ರಶ್ನೆ (ಜೇನು ಸಾಕುವ ರೈತ, ವಿಜಯಪುರ ಜಿಲ್ಲೆ):
ಮೇಡಂ, ಸೂರ್ಯಕಾಂತಿ ಮತ್ತು ದಾಳಿಂಬೆ ಹೊಲಗಳಲ್ಲಿ ಮೆಲ್ಲಿಫೆರಾ ಎಂಬ ವಿದೇಶಿ ತಳಿಯ ಜೇನಿನ ನನ್ನ ಪೆಟ್ಟಿಗೆಗಳಿವೆ. ಚೌಕಟ್ಟುಗಳಿಂದ ಕೆರೆದ ಅಂಟು ಸಾಕಷ್ಟು ಸಿಗುತ್ತದೆ. ಅದನ್ನು ಸ್ಪಿರಿಟ್‌ನಲ್ಲಿ ನೆನೆಸಿ ಮನೆಯವರಿಗೆ ಕೊಡಬಹುದೇ?

ಉತ್ತರ:
ಕೊಡಬೇಡಿ ಅಣ್ಣನವರೇ. ಔಷಧದ ಅಂಗಡಿಯಲ್ಲಿ ಗಾಯ ಒರೆಸಲು ಮಾರುವ ಸ್ಪಿರಿಟ್ ಬಾಯಿಗೆ ಹಾಕುವ ವಸ್ತುವೇ ಅಲ್ಲ, ಕುಡಿಯಲಾಗದಂತೆ ಅದರಲ್ಲಿ ವಿಷಕಾರಿ ಪದಾರ್ಥಗಳನ್ನು ಬೆರೆಸಿರುತ್ತಾರೆ. ಇನ್ನು ಕೆರೆದ ಅಂಟಿನಲ್ಲಿ ಮೇಣ, ಮರದ ಚೂರು, ಸತ್ತ ಹುಳುಗಳ ತುಣುಕುಗಳಿರುತ್ತವೆ. ಜೊತೆಗೆ ನುಸಿಗೆಂದು ಪೆಟ್ಟಿಗೆಯಲ್ಲಿ ಇಟ್ಟ ಪಟ್ಟಿಯ ಔಷಧಿ ಮತ್ತು ಪೆಟ್ಟಿಗೆಗೆ ಬಳಿದ ಬಣ್ಣ ಸಹ ಅದರೊಳಗೆ ಸೇರಬಲ್ಲವು. ಅಂಟು ಸಿಗದಿದ್ದಾಗ ಹುಳುಗಳು ಹಸಿ ಬಣ್ಣವನ್ನೂ ಡಾಂಬರನ್ನೂ ತರುವುದುಂಟು. ನೀವು ಸಾಕುವ ಮೆಲ್ಲಿಫೆರಾ ಅಂಟನ್ನು ಧಾರಾಳವಾಗಿ ಕೂಡಿಡುತ್ತದೆ, ನಮ್ಮ ತುಡುವೆ ಜೇನು ಸಾಮಾನ್ಯವಾಗಿ ಅಷ್ಟನ್ನು ಕೂಡಿಡುವುದಿಲ್ಲ. ನಿಮಗೆ ಸಿಗುವ ಅಂಟು ಒಳ್ಳೆಯ ಆದಾಯವಾಗಬಲ್ಲದು. ಆದರೆ ಪ್ಲಾಸ್ಟಿಕ್ ಜಾಲರಿಯ ಮೇಲೆ ಸ್ವಚ್ಛವಾಗಿ ಸಂಗ್ರಹಿಸಿ, ಪರೀಕ್ಷಿಸಿ ಶುದ್ಧಗೊಳಿಸುವವರಿಗೆ ಮಾರಿ. ಮನೆಯವರ ಬಾಯಿಗೆ ಹಚ್ಚಬೇಡಿ.

ಪ್ರಶ್ನೆ (ನಿಪ್ಪಾಣಿ, 52 ವರ್ಷ):
ಕೆಳದವಡೆಯ ಬಲಬದಿಗೆ ಐದು ವಾರಗಳಿಂದ ಒಂದು ಹುಣ್ಣಿದೆ. ನೋವಿಲ್ಲ, ಅದಕ್ಕೇ ಅಷ್ಟಾಗಿ ಗಮನಿಸಲಿಲ್ಲ. ಇಪ್ಪತ್ತು ವರ್ಷಗಳಿಂದ ಅದೇ ಬದಿಗೆ ಸುಣ್ಣ ಬೆರೆಸಿದ ತಂಬಾಕು ಇಟ್ಟುಕೊಳ್ಳುತ್ತೇನೆ. ಇಲ್ಲಿ ಓದಿದ ಮೇಲೆ ನಾನೂ ಜೆಲ್ ತರಿಸಿಕೊಳ್ಳಲೇ?

ಉತ್ತರ:
ಅಣ್ಣನವರೇ, ಜೆಲ್ ತರಿಸಬೇಡಿ. ಮೂರು ವಾರ ದಾಟಿದ ಯಾವ ಹುಣ್ಣಿಗೂ ಮನೆಯಲ್ಲಿ ಏನನ್ನೂ ಹಚ್ಚುತ್ತ ಕೂಡಬಾರದು. ತಂಬಾಕು ಇಡುವ ಜಾಗದಲ್ಲಿಯೇ ಆಗಿರುವ ಹುಣ್ಣಿಗಂತೂ ಒಂದು ದಿನದ ತಡವೂ ಬೇಡ. ನೋವಿಲ್ಲವೆಂಬುದು ಇಲ್ಲಿ ಸಮಾಧಾನದ ಸಂಗತಿಯಲ್ಲ, ಬಾಯಿಯ ಕ್ಯಾನ್ಸರ್ ಮೊದಮೊದಲು ನೋವನ್ನೇ ಕೊಡದಿರಬಹುದು. ನಿಮ್ಮದು ಅದೇ ಎಂದು ನಾನು ಹೇಳುತ್ತಿಲ್ಲ, ಕಣ್ಣಾರೆ ಕಾಣದೆ ಯಾರೂ ಹೇಳಲಾರರು. ಆದರೆ ಅಂಚು ಗಟ್ಟಿಯಾಗಿದೆಯೇ, ಕತ್ತಿನಲ್ಲಿ ಗಂಟು ಸಿಗುತ್ತದೆಯೇ ಎಂದು ವೈದ್ಯರು ಕೈಯಿಂದ ಮುಟ್ಟಿ ನೋಡಬೇಕು, ಅಗತ್ಯವಿದ್ದರೆ ಹುಣ್ಣಿನಿಂದ ಸಣ್ಣ ತುಣುಕು ತೆಗೆದು ಬಯಾಪ್ಸಿಗೆ ಕಳುಹಿಸಬೇಕು. ಬೇಗ ಗೊತ್ತಾದರೆ ಚಿಕಿತ್ಸೆ ಸುಲಭವಾಗುತ್ತದೆ, ಗುಣವಾಗುವ ಸಾಧ್ಯತೆಯೂ ಹೆಚ್ಚು. ತಂಬಾಕನ್ನು ಇಂದಿನಿಂದಲೇ ನಿಲ್ಲಿಸಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ನಾಳೆಯೇ ಹೋಗಿ, ಜೊತೆಗೆ ಮನೆಯ ಒಬ್ಬರನ್ನು ಕರೆದುಕೊಂಡು ಹೋಗಿ.

ಮರುಪ್ರತಿಕ್ರಿಯೆ (ನಿಪ್ಪಾಣಿ):
ಆಗಲಿ ಮೇಡಂ. ಬೆಳಿಗ್ಗೆ ಮೊದಲ ಬಸ್ಸಿಗೆ ಮಗನ ಜೊತೆ ಹೊರಡುತ್ತೇನೆ.

ಉತ್ತರ:
ಹೋಗುವಾಗ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳೆಲ್ಲವನ್ನೂ ಜೊತೆಗೆ ಒಯ್ಯಿರಿ, ತಂಬಾಕನ್ನು ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ ಇಡುತ್ತೀರೆಂಬುದನ್ನು ಮುಚ್ಚಿಡದೆ ಹೇಳಿ. ಅವರು ಏನೆಂದರೆಂದು ಇಲ್ಲಿ ನನಗೆ ಬರೆಯಿರಿ, ನಾನು ಕಾಯುತ್ತಿರುತ್ತೇನೆ.