ಪದ ಬೇಕಿತ್ತು: ‘ಮೆಲಾಂಕಲಿ’ಗೆ ಪೋಸ್ಟರಿನಲ್ಲಿ ಏನು ಬರೆಯಲಿ?

ಗೆಳೆಯರೇ,

ನಾಳೆ ಬೆಳಿಗ್ಗೆ ಹತ್ತರೊಳಗೆ ತುಮಕೂರಿನ ಬಿ.ಎಚ್. ರಸ್ತೆಯ ಪ್ರೆಸ್ಸಿಗೆ ಮ್ಯಾಟರ್ ಕೊಡಬೇಕು. ನನ್ನ ತಂಗಿಯ ಗೆಳತಿ ಒಂದು ಆಲ್ಬಂ ತರುತ್ತಿದ್ದಾಳೆ. ತಾನೇ ಬರೆದು ತಾನೇ ಹಾಡಿದ್ದಾಳೆ. ಇಷ್ಟು ದಿನ ಬ್ಯಾಂಡಿನಲ್ಲಿದ್ದಳು, ಒಬ್ಬಳೇ ಮಾಡಿದ್ದು ಇದೇ ಮೊದಲು. ಇಂಗ್ಲಿಷ್ ಪೋಸ್ಟರಿನಲ್ಲಿ ‘ಮೆಲಾಂಕಲಿ ಅಕೌಸ್ಟಿಕ್ ಇಂಡೀ ಪಾಪ್’ ಅಂತ ಇದೆ. ಅಂದರೆ ದೊಡ್ಡ ಕಂಪನಿಯ ಹಂಗಿಲ್ಲದೆ, ಕರೆಂಟಿನ ವಾದ್ಯವಿಲ್ಲದೆ ಮಾಡಿದ, ಮನಸ್ಸು ಭಾರವಾಗಿಸುವ ಹಾಡು. ಕನ್ನಡಕ್ಕೆ ಯಾರೋ ‘ಖಿನ್ನತೆಯ ಹಾಡುಗಳು’ ಎಂದು ಬರೆದುಕೊಟ್ಟರು. ನನಗೆ ಒಪ್ಪಿಗೆಯಿಲ್ಲ. ಖಿನ್ನತೆ ಈಗ ಡಾಕ್ಟರ ಚೀಟಿಯ ಮಾತು. ಇವು ಕಾಯಿಲೆಯ ಹಾಡುಗಳಲ್ಲ. ಸಂಜೆ ದೇವರಾಯನದುರ್ಗದಿಂದ ಇಳಿಯುವಾಗ ಸುಮ್ನೆ ಮನಸ್ಸು ಭಾರವಾಗುತ್ತಲ್ಲ, ಅಂಥವು. ‘ಬೇಜಾರಿನ ಹಾಡುಗಳು’ ಅನ್ನಬಹುದಾ?

ಕೋಲಾರದಿಂದ:

ಬೇಡ. ಬೇಜಾರು ಪಾರಸಿಯಿಂದ ಬಂದದ್ದು. ಬೇಸರ ನಮ್ಮದು. ಎರಡೂ ಒಂದೇ ಎಂದುಕೊಂಡವರೇ ಜಾಸ್ತಿ, ಬೇರು ಬೇರೆ. ‘ಬೇಸರ’ ಹಾಕಿ.

ಮತ್ತೆ ತುಮಕೂರು:

ಸರ್, ‘ಬೇಸರದ ಹಾಡುಗಳು’ ಎಂದರೆ ಕೇಳಿದವರಿಗೆ ಬೇಸರ ತರುವ ಹಾಡು ಅಂತಲೂ ಆಗುತ್ತದೆ. ಟಿಕೆಟ್ ಯಾರು ತಗೋತಾರೆ?

ಚಿಕ್ಕಬಳ್ಳಾಪುರದಿಂದ:

‘ಅಳಲು’ ಇರುವಾಗ ಈ ಪರದಾಟ ಯಾಕೆ? ಹಳಗನ್ನಡದ ‘ಅೞಲ್’. ತಮಿಳಿನಲ್ಲಿ ಇದೇ ಮಾತಿಗೆ ಬೆಂಕಿ ಎಂಬ ಅರ್ಥ ಉಳಿದಿದೆ. ಬೇಗುದಿಯೂ ಹಾಗೇ, ಬೇ ಮತ್ತು ಕುದಿ ಸೇರಿದ್ದು. ನಮ್ಮವರು ನೋವನ್ನು ಬಿಸಿಯಾಗಿ ಕಂಡರು. ಇಂಥ ಮಾತು ಮನೆಯಲ್ಲೇ ಇಟ್ಟುಕೊಂಡು ಪಾರಸಿ, ಇಂಗ್ಲಿಷ್ ಅಂತ ಅಲೆಯುವುದು ನೋಡಿದರೆ ಸಂಕಟವಾಗುತ್ತದೆ. ‘ಆಲ್ಬಂ’ ಕೂಡ ತೆಗೆಯಿರಿ. ‘ಧ್ವನಿಸುರುಳಿ’ ಇದೆ.

ಮುಳಬಾಗಿಲಿನಿಂದ:

ಸುರುಳಿ ಕ್ಯಾಸೆಟ್ಟಿನ ಟೇಪಿನದು. ಟೇಪೇ ಹೋಯಿತು. ಆಲ್ಬಂ ಲ್ಯಾಟಿನ್ನಿನ ಮಾತು, ‘ಬಿಳಿಯದು’ ಎಂಬುದರಿಂದ ಬಂದದ್ದು. ಇಂಗ್ಲಿಷಿನವರೂ ಸಾಲ ತಂದವರೇ. 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಮೂರು-ನಾಲ್ಕು ನಿಮಿಷದ ಹಾಡು ಹಿಡಿಯುತ್ತಿತ್ತು. ಹಾಗಾಗಿ ಹಲವು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂತೆ ಪುಸ್ತಕ ಕಟ್ಟಿ ಮಾರಿದರು. 1948ರಲ್ಲಿ ಎಲ್‌ಪಿ ಎಂಬ ಹೆಚ್ಚು ಹೊತ್ತು ನುಡಿಯುವ ತಟ್ಟೆ ಬಂದು ಒಂದೇ ಸಾಕಾದರೂ ಹೆಸರು ಉಳಿಯಿತು. ಮದುವೆ ಆಲ್ಬಂ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ? ಆ ಮಾತು ಕನ್ನಡದ್ದಾಗಿ ಎಷ್ಟೋ ಕಾಲವಾಯಿತು.

ಇನ್ನು ಅಳಲು. ನಿಮ್ಮ ವಿವರಣೆಯೇ ಅದನ್ನು ಬೇಡ ಅನ್ನುತ್ತದೆ. ಮೆಲಾಂಕಲಿ ಎಂದರೆ ಗ್ರೀಕಿನಲ್ಲಿ ಕಪ್ಪು ಪಿತ್ತ. ಅವರ ವೈದ್ಯದಲ್ಲಿ ಅದು ತಣ್ಣನೆಯದು, ಒಣಗಿದ್ದು. ಅಳಲು ಸುಡುತ್ತದೆ, ಇದು ಸುಡುವುದಿಲ್ಲ. ಒಂದು ಗಿಟಾರು, ಒಂದು ಮೆಲುದನಿ ಇರುವ ಹಾಡಿಗೆ ಬೆಂಕಿಯ ಮಾತು ಯಾಕೆ? ನನಗೆ ತೋಚುವುದು ‘ಮಂಕು’. ಅಚ್ಚ ಬಳಕೆಯ ಮಾತು. ಮನಸ್ಸೂ ಮಂಕಾಗುತ್ತದೆ, ದೀಪವೂ ಮಂಕಾಗುತ್ತದೆ.

ಚಿಕ್ಕಬಳ್ಳಾಪುರದಿಂದ:

ಮಂಕು ಎಂದರೆ ದಡ್ಡತನ. ನಿಮ್ಮೂರಿನ ಡಿವಿಜಿಯವರ ಮಂಕುತಿಮ್ಮನನ್ನೇ ಮರೆತಿರಾ?

ಮುಳಬಾಗಿಲಿನಿಂದ:

ಮರೆತಿಲ್ಲ. ಆ ಮಂಕು ಬುದ್ಧಿಯದು. ಪಕ್ಕದಲ್ಲಿ ‘ಬೆಳಕು’ ಇಟ್ಟರೆ ಯಾರೂ ದಡ್ಡತನ ಅನ್ನುವುದಿಲ್ಲ. ‘ಮಂಕು ಬೆಳಕಿನ ಹಾಡುಗಳು’.

ಕೋಲಾರದಿಂದ:

ಹಾಡುಗಾರ್ತಿಗೆ ‘ವಾಗ್ಗೇಯಕಾರ್ತಿ’ ಎನ್ನಿ. ಮಾತೂ ಧಾಟಿಯೂ ಒಬ್ಬರದೇ ಆದರೆ ಅವರು ವಾಗ್ಗೇಯಕಾರರು.

ತುಮಕೂರು:

ಸರ್, ಅರ್ಥ ಸರಿ. ಆದರೆ ಅದನ್ನು ಓದಿದವರು ತಂಬೂರಿ, ಮೃದಂಗ ಹುಡುಕಿಕೊಂಡು ಬರುತ್ತಾರೆ. ‘ಇಂಡೀ’ಯನ್ನೂ ಬಿಟ್ಟೆ. ಕನ್ನಡದಲ್ಲಿ ಬರೆದರೆ ವಿಜಯಪುರದ ಕಡೆಯ, ಲಿಂಬೆಹಣ್ಣಿನ ಇಂಡಿ ಊರಿನ ಹಾಡು ಎಂದು ಓದಿಕೊಳ್ಳುತ್ತಾರೆ. ಅಕೌಸ್ಟಿಕ್‌ಗೆ ‘ಬರೀ ಗಿಟಾರು’ ಸಾಕು.

ಈಗ ಹುಡುಗಿಗೆ ಫೋನಿನಲ್ಲಿ ಓದಿದೆ: ‘ಮಂಕು ಬೆಳಕಿನ ಹಾಡುಗಳು. ತಾನೇ ಬರೆದು, ಬರೀ ಗಿಟಾರು ಹಿಡಿದು, ಒಬ್ಬಳೇ ಹಾಡಿದ ಮೊದಲ ಆಲ್ಬಂ.’ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಇನ್ನೊಂದು ಸಲ ಓದಿ ಅಂದಳು. ಇದನ್ನೇ ಪ್ರೆಸ್ಸಿಗೆ ಕೊಡುತ್ತೇನೆ.

ಚಿಕ್ಕಬಳ್ಳಾಪುರದಿಂದ:

ಅಳಲು ಇರಬೇಕಿತ್ತು.